ಅಡ್ಡಗಾಳಿಯಲ್ಲಿ ಗ್ಲೈಡರ್ ಇಳಿಸುವಾಗ ಮೂತಿಯನ್ನು ನೇರ ಮಾಡುವುದು ಯಾವಾಗ?

ಪ್ರಶ್ನೆ: ಪೊನ್ನಂಪೇಟೆಯ ಕಲಿಕೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸಲು ಕಲಿಸುವ ಕೇಂದ್ರ ಇಲ್ಲದ ಕಾರಣ, ತೋಟದ ಕೆಲಸ ಬಿಡುವು ಕೊಟ್ಟಾಗಲೆಲ್ಲ ಮಹಾರಾಷ್ಟ್ರದ ಒಂದು ಕೇಂದ್ರಕ್ಕೆ ಹೋಗಿ ಒಂದೂವರೆ ವರ್ಷದಿಂದ ಕಲಿಯುತ್ತಿದ್ದೇನೆ. ಇದುವರೆಗೆ ಬೋಧಕರ ಜೊತೆ 46 ಹಾರಾಟಗಳಾಗಿವೆ. ಗಾಳಿ ನೇರ ಎದುರಿನಿಂದ ಬೀಸುವ ದಿನ ನಾನು ಇಳಿಸುವ ರೀತಿಯ ಬಗ್ಗೆ ಯಾರದೂ ತಕರಾರಿಲ್ಲ. ಗಾಳಿ ಪಕ್ಕಕ್ಕೆ ತಿರುಗಿತೆಂದರೆ ಮಾತ್ರ ಎಲ್ಲವೂ ಕೆಡುತ್ತದೆ. ನನ್ನನ್ನು ಇನ್ನೂ ಒಂಟಿಯಾಗಿ ಹಾರಲು ಬಿಡದಿರುವುದಕ್ಕೂ ಅದೊಂದೇ ಕಾರಣ.

ಕಳೆದ ಸಲ ಆದದ್ದನ್ನು ವಿವರವಾಗಿ ಹೇಳುತ್ತೇನೆ. ಗಾಳಿ ಎಡಗಡೆಯಿಂದ, ರನ್‌ವೇಗೆ ಹೆಚ್ಚುಕಡಿಮೆ ಅಡ್ಡಲಾಗಿ, ಸುಮಾರು 10 ನಾಟ್ (ಗಂಟೆಗೆ 18–19 ಕಿ.ಮೀ.) ಇತ್ತು. ಎಂದಿನಂತೆ ಎಡ ಸರ್ಕ್ಯೂಟ್ ಹಾರಿ (ಅಂದರೆ ರನ್‌ವೇಯನ್ನು ಎಡಕ್ಕಿಟ್ಟುಕೊಂಡು ಸುತ್ತಿ), ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾದ ಕೊನೆಯ ದಾರಿಗೆ ತಿರುಗಿ, ಮೂತಿಯನ್ನು ಗಾಳಿಯ ಕಡೆಗೆ, ಅಂದರೆ ಎಡಕ್ಕೆ ಹಿಡಿದು ಬಂದೆ. ನೆಲಕ್ಕೆ ಇನ್ನೂ ಮೂವತ್ತು ಅಡಿ ಇರುವಾಗಲೇ ನನ್ನ ಬಲಗಾಲು, ನಾನು ಹೇಳದೆಯೇ, ಪೆಡಲನ್ನು ಒತ್ತಿಬಿಟ್ಟಿತು. ಮೂತಿ ರನ್‌ವೇಗೆ ನೇರವಾಯಿತು, ಆದರೆ ಗ್ಲೈಡರ್ ಬಲಕ್ಕೆ ಜಾರತೊಡಗಿತು. ಚಕ್ರ ಹುಲ್ಲಿಗೆ ತಗುಲಿದಾಗ ಕಿರ್ರೆಂಬ ಸದ್ದು ಬಂದು, ನನ್ನ ತಲೆ ಕ್ಯಾನೊಪಿಯ (ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಬಲಬದಿಗೆ ಬಡಿಯಿತು. ಅದರ ಮುಂದಿನ ಎರಡು ಹಾರಾಟಗಳಲ್ಲಿಯೂ ಇದೇ ಕಥೆ. ಮೂರನೆಯದರಲ್ಲಿ ಬೋಧಕರು ಸ್ಟಿಕ್ ಅನ್ನು, ಅಂದರೆ ಗ್ಲೈಡರ್ ನಡೆಸುವ ಹಿಡಿಕೋಲನ್ನು, ತಾವೇ ತೆಗೆದುಕೊಂಡರು.

ಅಲ್ಲಿ ಇಬ್ಬರು ಬೋಧಕರಿದ್ದಾರೆ. ಕೊನೆಯ ಕ್ಷಣದವರೆಗೂ ಮೂತಿಯನ್ನು ಓರೆಯಾಗಿಯೇ ಇಟ್ಟು ಆಮೇಲೆ ರಡ್ಡರ್‌ನಿಂದ (ಪೆಡಲ್ ಒತ್ತಿದಾಗ ತಿರುಗುವ ಬಾಲದ ಚುಕ್ಕಾಣಿಯಿಂದ) ನೇರ ಮಾಡಬೇಕೆಂದು ಒಬ್ಬರು ಹೇಳುತ್ತಾರೆ. ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ರಡ್ಡರ್ ಕೊಟ್ಟು, ಮೊದಲಿನಿಂದಲೇ ಮೂತಿಯನ್ನು ನೇರವಾಗಿಟ್ಟು ಬರಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಇವುಗಳಲ್ಲಿ ನನ್ನಂಥ ಹೊಸಬನಿಗೆ ಯಾವುದು ಸರಿ? ಮೂತಿಯನ್ನು ನೇರ ಮಾಡುವ ಆ ‘ಕೊನೆಯ ಕ್ಷಣ’ ಬಂತೆಂದು ತಿಳಿಯುವುದು ಹೇಗೆ? ಹುತ್ತರಿ ಮುಗಿದ ವಾರ, ಕಾಫಿ ಕೊಯ್ಲು ಬಿರುಸಾಗುವ ಮೊದಲು, ಮತ್ತೊಮ್ಮೆ ಹೋಗಲಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಡಿಕೇರಿಯ ನಿವೃತ್ತ ಬೋಧಕ

ನಿಮ್ಮ ಬಲಗಾಲನ್ನು ಬೈಯುವ ಮೊದಲು ನಿಮ್ಮ ಬೇಸ್ ಲೆಗ್ ಅನ್ನು, ಅಂದರೆ ಫೈನಲ್‌ಗೆ ಮುಂಚೆ ರನ್‌ವೇಗೆ ಅಡ್ಡಲಾಗಿ ಹಾರುವ ಭಾಗವನ್ನು, ನೋಡೋಣ. ‘ಎಂದಿನಂತೆ ಎಡ ಸರ್ಕ್ಯೂಟ್’ ಎಂದು ನೀವು ಸಹಜವಾಗಿ ಬರೆದು ಮುಂದೆ ಹೋಗಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಮೂವತ್ತು ಅಡಿ ಎತ್ತರದ ತಪ್ಪು ಹುಟ್ಟಿಕೊಂಡದ್ದು ಅಲ್ಲಿ.

ಗಾಳಿ ಎಡದಿಂದ ಇದ್ದು, ನೀವೂ ಎಡ ಸರ್ಕ್ಯೂಟ್ ಹಾರಿದರೆ, ಅದಕ್ಕೂ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹಿಮ್ಮುಖ ದಿಕ್ಕಿಗೆ ಹಾರುವ ಡೌನ್‌ವಿಂಡ್ ಲೆಗ್‌ನಲ್ಲಿ ಗಾಳಿ ನಿಮ್ಮನ್ನು ರನ್‌ವೇಯ ಕಡೆಗೇ ತಳ್ಳುತ್ತಿರುತ್ತದೆ. ಬೇಸ್ ಲೆಗ್‌ಗೆ ತಿರುಗಿದೊಡನೆ ಅದೇ ಗಾಳಿ ಬೆನ್ನಿಗೆ ಬರುತ್ತದೆ. ನೆಲದ ಮೇಲಿನ ವೇಗ ಹೆಚ್ಚಾಗಿ, ಬೇಸ್ ಲೆಗ್ ನೀವು ಅಂದುಕೊಂಡದ್ದಕ್ಕಿಂತ ಬೇಗ ಮುಗಿದುಹೋಗಿ, ಫೈನಲ್‌ಗೆ ತಿರುಗುವಷ್ಟರಲ್ಲಿ ರನ್‌ವೇಯ ನಡುಗೆರೆಯನ್ನು ದಾಟಿ ಬಲಕ್ಕೆ ಹೋಗಿರುತ್ತೀರಿ. ಅಲ್ಲಿಂದ ವಾಪಸು ಗೆರೆಗೆ ಬರಲು ಮೂತಿಯನ್ನು ಅಗತ್ಯಕ್ಕಿಂತ ಹೆಚ್ಚು ಎಡಕ್ಕೆ ಹಿಡಿಯುತ್ತೀರಿ, ಗೆರೆ ಹತ್ತಿರವಾದಂತೆ ಅದನ್ನು ಕಡಿಮೆ ಮಾಡುತ್ತೀರಿ, ಮತ್ತೆ ತೇಲುತ್ತೀರಿ, ಮತ್ತೆ ಹೆಚ್ಚು ಮಾಡುತ್ತೀರಿ. ಮೂವತ್ತು ಅಡಿಗೆ ಬಂದಾಗಲೂ ನಿಮ್ಮ ಓರೆಕೋನ ಯಾವುದೆಂದು ನಿಮಗೇ ನಿಶ್ಚಯವಾಗಿರುವುದಿಲ್ಲ. ನಿಶ್ಚಯವಿಲ್ಲದ ಕಾಲು ಗಡಿಬಿಡಿ ಮಾಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೂ ಅದೇ ತಿರುವಿನಲ್ಲಿದೆ. ಗೆರೆ ತಪ್ಪುತ್ತಿದೆಯೆಂದು ಕಂಡಾಗ, ಹೆಚ್ಚು ವಾಲಿಸಲು ಹೆದರಿ, ಬರೀ ರಡ್ಡರ್‌ನಿಂದ ಮೂತಿಯನ್ನು ಎಳೆದುಕೊಳ್ಳುವ ಆಸೆಯಾಗುತ್ತದೆ. ವೇಗ ಕಡಿಮೆ ಇದ್ದು, ರಡ್ಡರ್ ಹೆಚ್ಚಾಗಿ, ಒಳರೆಕ್ಕೆ ಸ್ಟಾಲ್ ಆದರೆ, ಅಂದರೆ ಎತ್ತುವ ಬಲ ಕಳೆದುಕೊಂಡರೆ, ಗ್ಲೈಡರ್ ಗಿರಗಿರನೆ ಸುತ್ತುತ್ತ ಇಳಿಯುವ ಸ್ಪಿನ್‌ಗೆ ಬೀಳುತ್ತದೆ, ಮುನ್ನೂರು ಅಡಿಯಿಂದ ಅದನ್ನು ಎತ್ತಿ ತರುವಷ್ಟು ಜಾಗ ಇರುವುದಿಲ್ಲ. ಗೆರೆ ದಾಟಿದರೆ ದಾಟಲಿ. ಸರಿಯಾದ ವೇಗದಲ್ಲಿ, ಸ್ಟಿಕ್ ಮತ್ತು ರಡ್ಡರ್ ಜೊತೆಜೊತೆಯಾಗಿ ಬಳಸಿ ತಿರುವನ್ನು ಮುಗಿಸಿ, ಆಮೇಲೆ ಗೆರೆಗೆ ಬನ್ನಿ. ಅಂಥ ದಿನ ಮೈದಾನದ ನಿಯಮ ಮತ್ತು ಉಳಿದ ಹಾರಾಟಗಳು ಅವಕಾಶ ಕೊಟ್ಟರೆ ಬಲ ಸರ್ಕ್ಯೂಟ್ ಕೇಳಿ. ಆಗ ಬೇಸ್ ಲೆಗ್ ಗಾಳಿಗೆ ಎದುರಾಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ, ನಡುಗೆರೆ ನಿಧಾನವಾಗಿ ನಿಮ್ಮತ್ತ ಬರುತ್ತದೆ. ಆದರೆ ಡೌನ್‌ವಿಂಡ್ ಲೆಗ್‌ನಲ್ಲಿ ಗಾಳಿ ನಿಮ್ಮನ್ನು ಹೊರಕ್ಕೆ ತಳ್ಳುವುದರಿಂದ, ರನ್‌ವೇಗೆ ಸ್ವಲ್ಪ ಹತ್ತಿರವಾಗಿಯೇ ಹಾರಬೇಕು. ಎದುರುಗಾಳಿಯ ಬೇಸ್ ಲೆಗ್ ಎತ್ತರವನ್ನು ತಿನ್ನುತ್ತದೆ.

ಈಗ ಫೈನಲ್‌ಗೆ ಬರೋಣ. ದುಬಾರೆಯಲ್ಲಿ ಕಾವೇರಿಯ ನೀರು ಸ್ವಲ್ಪ ಏರಿದ ದಿನ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿದ್ದರೆ ನೆನಪಿಸಿಕೊಳ್ಳಿ. ದೋಣಿಯವರು ಆಚೆ ದಡದ ಇಳಿಯುವ ಜಾಗಕ್ಕೆ ನೇರವಾಗಿ ಮೂತಿ ಹಿಡಿಯುವುದಿಲ್ಲ. ಅದಕ್ಕಿಂತ ಮೇಲಕ್ಕೆ, ನೀರು ಬರುವ ದಿಕ್ಕಿಗೆ ಹಿಡಿಯುತ್ತಾರೆ, ದೋಣಿ ಸರಿಯಾಗಿ ಜಾಗಕ್ಕೆ ಹೋಗಿ ತಲುಪುತ್ತದೆ. ಓರೆಯಾಗಿ ಬರುವುದೆಂದರೆ ಇಷ್ಟೇ. ಇಂಗ್ಲಿಷಿನವರು ಇದಕ್ಕೆ ‘ಕ್ರ್ಯಾಬ್’ ಎನ್ನುತ್ತಾರೆ. ಮಳೆಗಾಲದಲ್ಲಿ ಗದ್ದೆಯ ಏಡಿ ಹಿಡಿದವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ.

ಎಷ್ಟು ಓರೆ ಎಂಬುದಕ್ಕೆ ಲೆಕ್ಕವಿದೆ. ನೀವು 55 ನಾಟ್ ವೇಗದಲ್ಲಿ ಬರುತ್ತಿದ್ದು, ಅಡ್ಡಗಾಳಿ 10 ನಾಟ್ ಇದ್ದರೆ ಸುಮಾರು 10 ಡಿಗ್ರಿ ಓರೆ ಬೇಕು. ಅದೇ ಗಾಳಿಯಲ್ಲಿ 140 ನಾಟ್ ವೇಗದಲ್ಲಿ ಇಳಿಯುವ ಪ್ರಯಾಣಿಕ ವಿಮಾನಕ್ಕೆ 4 ಡಿಗ್ರಿ ಸಾಕು. ಆದ್ದರಿಂದ ಗ್ಲೈಡರ್‌ನಲ್ಲಿ ಕೂತವನಿಗೆ ಓರೆ ಬಹಳವೆನಿಸುತ್ತದೆ, ‘ಇಷ್ಟು ಓರೆಯಾಗಿ ನೆಲಕ್ಕೆ ಹೇಗೆ ಹೋಗಲಿ’ ಎಂಬ ಭಯಕ್ಕೆ ಕಾಲು ಮುಂಚೆಯೇ ಒತ್ತಿಬಿಡುತ್ತದೆ. ನನ್ನದೂ ಒತ್ತುತ್ತಿತ್ತು. ನಾನು ಎನ್‌ಸಿಸಿ ದಿನಗಳಲ್ಲಿ ಕಲಿತದ್ದು ಮರದ ಮೈಯ ರೋಹಿಣಿ ಗ್ಲೈಡರ್‌ನಲ್ಲಿ. ಅದರಲ್ಲಿ ಬೋಧಕರು ಹಿಂದೆ ಕೂರದೆ ಪಕ್ಕದಲ್ಲೇ ಕೂರುತ್ತಿದ್ದರು, ಹಾಗಾಗಿ ನನ್ನ ಕಾಲು ಅವರಿಗೆ ಕಾಣುತ್ತಿತ್ತು. ಅವರು ಮಾತನಾಡುತ್ತಿರಲಿಲ್ಲ, ತಮ್ಮ ಶೂವಿನ ತುದಿಯನ್ನು ನನ್ನ ಪೆಡಲಿನ ಹಿಂದೆ ಸುಮ್ಮನೆ ಇಟ್ಟುಬಿಡುತ್ತಿದ್ದರು. ನಾನು ಎಷ್ಟು ಒತ್ತಿದರೂ ಅದು ಹೋಗುತ್ತಿರಲಿಲ್ಲ. ಶೂ ಹಿಂದಕ್ಕೆ ಸರಿದಾಗ ಒತ್ತಬೇಕು. ನಾಲ್ಕೈದು ಹಾರಾಟಗಳಲ್ಲಿ ನನಗೆ ಆ ಕ್ಷಣ ತಿಳಿದುಹೋಯಿತು.

ಆ ಕ್ಷಣ ಯಾವುದು ಎಂದರೆ: ಓರೆಯನ್ನು ಹಾಗೆಯೇ ಇಟ್ಟುಕೊಂಡು ಫ್ಲೇರ್ ಮಾಡಿ (ಮೂತಿಯನ್ನು ಮೆಲ್ಲನೆ ಎತ್ತಿ ಇಳಿತವನ್ನು ತಡೆದು), ನೆಲಕ್ಕೆ ಸಮಾನಾಂತರವಾಗಿ ತೇಲತೊಡಗಿ, ಚಕ್ರ ನೆಲದಿಂದ ಮೊಣಕಾಲೆತ್ತರಕ್ಕಿಂತ ಕಡಿಮೆ ಇದೆ ಎನಿಸಿದಾಗ. ಆಗ ಬಲ ಪೆಡಲನ್ನು ಒದೆಯದೆ, ನುಣುಪಾಗಿ ಒತ್ತಿ ಮೂತಿಯನ್ನು ಗೆರೆಗೆ ತನ್ನಿ. ಗ್ಲೈಡರ್‌ನ ತೂಕ ಹಿಂದಿನ ದಾರಿಯಲ್ಲಿಯೇ ಒಂದೆರಡು ಸೆಕೆಂಡು ಅದನ್ನು ಒಯ್ಯುತ್ತದೆ; ಆ ಒಂದೆರಡು ಸೆಕೆಂಡಿನಲ್ಲಿ ಚಕ್ರ ನೆಲ ಮುಟ್ಟಬೇಕು. ನೀವು ಮೂವತ್ತು ಅಡಿಯಲ್ಲಿ ಒತ್ತಿದರೆ ಆ ಸಾಲ ಗಾಳಿಯಲ್ಲಿಯೇ ಖರ್ಚಾಗಿ, ನೆಲ ಸಿಗುವಷ್ಟರಲ್ಲಿ ಪಕ್ಕಕ್ಕೆ ಜಾರುತ್ತಿರುತ್ತೀರಿ.

ಪೆಡಲ್ ಒತ್ತುವಾಗ ಕೈಗೂ ಒಂದು ಕೆಲಸವಿದೆ, ಇದನ್ನು ಬಹಳಷ್ಟು ಜನ ಮರೆಯುತ್ತಾರೆ. ಮೂತಿ ಬಲಕ್ಕೆ ತಿರುಗುವಾಗ ಎಡರೆಕ್ಕೆ ಮುಂದಕ್ಕೆ ಬೀಸಿಕೊಂಡು ಹೆಚ್ಚು ಗಾಳಿಯನ್ನು ಪಡೆದು ಮೇಲೇಳುತ್ತದೆ. ಮೂತಿ ನೇರವಾದ ಮೇಲೆ ಎಡದಿಂದ ಬರುವ ಗಾಳಿಯೂ ಅದನ್ನೇ ಎತ್ತುತ್ತದೆ. ಆದ್ದರಿಂದ ಬಲಗಾಲಿನ ಜೊತೆಗೇ ಸ್ಟಿಕ್ ಸ್ವಲ್ಪ ಎಡಕ್ಕೆ ಹೋಗಬೇಕು. ಏರ್‌ಬ್ರೇಕನ್ನು, ಅಂದರೆ ಬೇಗ ಇಳಿಯಲೆಂದು ರೆಕ್ಕೆಯಿಂದ ಮೇಲೇಳುವ ಹಲಗೆಯನ್ನು, ಆಗ ಮುಟ್ಟಬೇಡಿ. ಆ ಎತ್ತರದಲ್ಲಿ ಅದನ್ನು ಮುಚ್ಚಿದರೆ ಗ್ಲೈಡರ್ ಮತ್ತೆ ತೇಲಿ, ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ.

ಕಣ್ಣು ರನ್‌ವೇಯ ಆಚೆ ತುದಿಯಲ್ಲಿರಲಿ. ಮೂತಿಯ ಮುಂದಿನ ಹುಲ್ಲನ್ನು ನೋಡುವವನಿಗೆ ಎತ್ತರವೂ ತಿಳಿಯದು, ಜಾರುವಿಕೆಯೂ ತಿಳಿಯದು. ಇನ್ನು ವೇಗ: ನಿಮ್ಮ ಗ್ಲೈಡರ್‌ನ ಕೈಪಿಡಿ ಹೇಳುವ ವೇಗಕ್ಕೆ ಗಾಳಿಯ ವೇಗದ ಅರ್ಧವನ್ನು ಸೇರಿಸುವುದು ನಮ್ಮ ಕಾಲದ ರೂಢಿ, ಈಗಲೂ ಬಹುಮಟ್ಟಿಗೆ ಹಾಗೆಯೇ ಇದೆ.

ಉತ್ತರ: ಕುಶಾಲನಗರದ ಪೈಲಟ್

ಹಿರಿಯರ ಮಾತಿಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯ. ನಾನು ಗ್ಲೈಡರ್ ಹಾರಿಸಿದ್ದು ಕಡಿಮೆ. ಸೆಸ್ನಾ 172 ಎಂಬ ಸಣ್ಣ ಎಂಜಿನ್ ವಿಮಾನ ಹೆಚ್ಚು. ಅದರಲ್ಲಿ ನಮಗೆ ಕಲಿಸಿದ್ದು ರೆಕ್ಕೆ ತಗ್ಗಿಸುವ ವಿಧಾನ. ಫೈನಲ್‌ನ ಕೊನೆಯ ಭಾಗದಲ್ಲಿಯೇ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಜಾರುವಿಕೆಯನ್ನು ಅದರಿಂದ ತಡೆದು, ಮೂತಿಯನ್ನು ಎದುರು ರಡ್ಡರ್‌ನಿಂದ ಗೆರೆಗೆ ಹಿಡಿದರೆ, ಕೊನೆಗೆ ಯಾವ ‘ಕ್ಷಣ’ವನ್ನೂ ಹುಡುಕಬೇಕಾಗಿಲ್ಲ. ಗಾಳಿ ಹೆಚ್ಚಾದರೆ ಇನ್ನಷ್ಟು ತಗ್ಗಿಸುತ್ತೀರಿ, ಕಡಿಮೆಯಾದರೆ ಎತ್ತುತ್ತೀರಿ. ರಡ್ಡರ್ ಪೂರ್ತಿ ಕೊಟ್ಟರೂ ಮೂತಿ ನೇರವಾಗದಿದ್ದರೆ ಇವತ್ತಿನ ಗಾಳಿ ನಿಮ್ಮ ಯಂತ್ರದ ಶಕ್ತಿಯನ್ನು ಮೀರಿದೆಯೆಂದು ಇನ್ನೂರು ಅಡಿಯಲ್ಲಿಯೇ ತಿಳಿದುಬಿಡುತ್ತದೆ. ಸಮಯಪ್ರಜ್ಞೆ ಇನ್ನೂ ಬಾರದ ಹೊಸಬರಿಗೆ ಇದೇ ಸುಲಭ ಎಂಬುದು ನನ್ನ ಅನಿಸಿಕೆ.

ಉತ್ತರ: ಸಿದ್ದಾಪುರದ ಬೆಳೆಗಾರ್ತಿ

ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದ ಒಂಬತ್ತು ವರ್ಷ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಪ್ರತಿ ವಾರಾಂತ್ಯವೂ ಹಾರುತ್ತಿದ್ದೆ. ಈಗ ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿದ್ದೇನೆ. ಕುಶಾಲನಗರದವರು ಹೇಳಿದ್ದು ಸೆಸ್ನಾಕ್ಕೆ ಸರಿ. ಆದರೆ ಅದರ ರೆಕ್ಕೆ ಮೈಯ ಮೇಲ್ಭಾಗದಲ್ಲಿದೆ, ತುದಿಯಿಂದ ತುದಿಗೆ 11 ಮೀಟರ್. ತರಬೇತಿಗೆ ಹೆಚ್ಚಾಗಿ ಬಳಸುವ ಎಎಸ್‌ಕೆ 21 ಗ್ಲೈಡರ್‌ನ ರೆಕ್ಕೆ 17 ಮೀಟರ್, ಅದೂ ಮೈಯ ನಡುಮಟ್ಟದಲ್ಲಿ. ಬರೀ 5 ಡಿಗ್ರಿ ವಾಲಿಸಿದರೆ ಅದರ ತುದಿ ಮುಕ್ಕಾಲು ಮೀಟರಿನಷ್ಟು ಕೆಳಗೆ ಹೋಗುತ್ತದೆ. ಮೈದಾನದ ಹುಲ್ಲು ಮೊಣಕಾಲಿನವರೆಗೆ ಬೆಳೆದಿದ್ದರೆ, ಅಥವಾ ನೆಲ ಆ ಕಡೆಗೆ ಸ್ವಲ್ಪ ಏರಿದ್ದರೆ, ಚಕ್ರಕ್ಕಿಂತ ಮೊದಲು ರೆಕ್ಕೆಯ ತುದಿಯೇ ನೆಲಕ್ಕೆ ಸಿಕ್ಕಿ, ಗ್ಲೈಡರ್ ಆ ತುದಿಯ ಸುತ್ತ ಗರಕ್ಕನೆ ತಿರುಗಿಬಿಡುತ್ತದೆ. ಅದನ್ನೇ ಗ್ರೌಂಡ್ ಲೂಪ್ ಎನ್ನುವುದು. ಒಮ್ಮೆ ಕಣ್ಣೆದುರೇ ನೋಡಿದ್ದೇನೆ. ಪೈಲಟ್‌ಗೆ ಏನೂ ಆಗಲಿಲ್ಲ, ಆದರೆ ಬಾಲದ ಕೊಳವೆ ಕಬ್ಬು ಮುರಿದಂತೆ ಮುರಿದಿತ್ತು. ರೆಕ್ಕೆ ತಗ್ಗಿಸಿದಾಗ ಇಳಿಯುವ ದರ ಹೆಚ್ಚುತ್ತದೆ, ಕೆಲವು ಗ್ಲೈಡರ್‌ಗಳಲ್ಲಿ ವೇಗಮಾಪಕವೂ ತಪ್ಪು ತೋರಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಹಾಗೆಂದು ನಿಮ್ಮ ಎರಡನೇ ಬೋಧಕರು ತಪ್ಪು ಹೇಳಿದ್ದಾರೆ ಎನ್ನಲಾರೆ. ಅನುಭವಿಗಳಲ್ಲಿ ಹೆಚ್ಚಿನವರು ಮಾಡುವುದು ಎರಡರ ಬೆರಕೆ: ಫ್ಲೇರ್‌ವರೆಗೂ ಓರೆಯಾಗಿ ಬಂದು, ಮೂತಿ ನೇರ ಮಾಡುವಾಗ ಗಾಳಿಯ ಕಡೆಯ ರೆಕ್ಕೆಯನ್ನು ಎರಡು ಡಿಗ್ರಿಯಷ್ಟು ತಗ್ಗಿಸಿ ಹಿಡಿಯುವುದು. ಮಡಿಕೇರಿಯ ಸರ್ ಹೇಳಿದ ‘ಸ್ಟಿಕ್ ಸ್ವಲ್ಪ ಎಡಕ್ಕೆ’ ಎಂಬುದು ತುಸು ಹೆಚ್ಚಾದರೆ ಇದೇ ಆಗುತ್ತದೆ. ಕಲಿಯುವಾಗ ಮಾತ್ರ ಒಂದನ್ನೇ ಹಿಡಿಯಿರಿ. ಇಬ್ಬರು ಬೋಧಕರನ್ನೂ ಒಟ್ಟಿಗೆ ಕೂರಿಸಿ, ‘ನನಗೆ ಸೋಲೊ ಆಗುವವರೆಗೆ ಒಂದೇ ಪಾಠ ಹೇಳಿ’ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಯಾರೂ ಎತ್ತದ ಒಂದು ವಿಷಯವಿದೆ: ಗಾಳಿ ಬರುವ ಕಡೆ ಏನಿದೆ ಎಂಬುದು. ನಮ್ಮ ತೋಟದ ಅಂಚಿನಲ್ಲಿ ಸಿಲ್ವರ್ ಓಕ್ ಸಾಲಿದೆ. ಗಾಳಿಯ ದಿನ ಅದರ ಮರೆಯಲ್ಲಿ ನಿಂತರೆ, ಮೇಲೆ ಎಲೆಗಳೆಲ್ಲ ಮಗುಚಿ ಬೆಳ್ಳಿಬಣ್ಣದ ಬೆನ್ನು ತೋರಿಸುತ್ತಿದ್ದರೂ, ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗಿನ ಎಲೆ ಅಲುಗುವುದಿಲ್ಲ. ಸಾಲಿನಿಂದ ಹತ್ತಿಪ್ಪತ್ತು ಮಾರು ಆಚೆ ಹೋದರೆ ಗಾಳಿ ಸುರುಳಿಸುತ್ತಿ, ಒಮ್ಮೆ ಮುಖಕ್ಕೆ ಒಮ್ಮೆ ಬೆನ್ನಿಗೆ ಹೊಡೆಯುತ್ತದೆ. ರನ್‌ವೇ ಪಕ್ಕದಲ್ಲಿ ಮರಗಳ ಸಾಲೋ ಹ್ಯಾಂಗರೋ ಇದ್ದು ಗಾಳಿ ಆ ಕಡೆಯಿಂದ ಬರುತ್ತಿದ್ದರೆ, ಇದೇ ಆಟ ನಿಮ್ಮ ಕೊನೆಯ ಐವತ್ತು ಅಡಿಯಲ್ಲಿ ನಡೆಯುತ್ತದೆ. ಅದರ ಪರಿಣಾಮ ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಇರಬಹುದು. ಹತ್ತು ಡಿಗ್ರಿ ಓರೆಯಾಗಿ ಬಂದವನಿಗೆ ಮರದ ಮಟ್ಟಕ್ಕಿಂತ ಕೆಳಗಿಳಿದೊಡನೆ ಗಾಳಿಯೇ ಇಲ್ಲದಂತಾಗಿ, ಗ್ಲೈಡರ್ ಮೂತಿಯಿದ್ದ ಕಡೆಗೆ, ಅಂದರೆ ಮರಗಳತ್ತಲೇ ಹೊರಡುತ್ತದೆ. ಓರೆಯನ್ನು ಕುರುಡಾಗಿ ಹಿಡಿದುಕೊಂಡು ಕೂರದೆ, ದಾರಿ ನೋಡಿ ಓರೆಯನ್ನು ತಿದ್ದುತ್ತಿರಬೇಕು. ಸಾಧ್ಯವಿದ್ದರೆ ಅಂಥ ಸಾಲನ್ನು ದಾಟಿದ ಮೇಲಿನ ತೆರೆದ ಜಾಗದಲ್ಲಿ ನೆಲ ಮುಟ್ಟುವಂತೆ ಗುರಿಯನ್ನು ಮುಂದಕ್ಕೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಮೈದಾನ ಅಗಲವಾಗಿದ್ದರೆ ಮೂಲೆಯಿಂದ ಮೂಲೆಗೆ ಇಳಿಯಿರಿ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಅದನ್ನು ಕೇಳಿ ನಾನೂ ಬಹಳ ದಿನ ನಂಬಿದ್ದೆ, ಆಮೇಲೆ ಒಂದು ಸಂಜೆ ಲೆಕ್ಕ ಹಾಕಿದೆ. 600 ಮೀಟರ್ ಉದ್ದ, 100 ಮೀಟರ್ ಅಗಲದ ಮೈದಾನದಲ್ಲಿ ಮೂಲೆಯಿಂದ ಮೂಲೆಗೆ ಹೋದರೆ ನಿಮ್ಮ ದಿಕ್ಕು ಬದಲಾಗುವುದು ಒಂಬತ್ತೂವರೆ ಡಿಗ್ರಿಯಷ್ಟು. 12 ನಾಟ್ ಗಾಳಿ ಮೈದಾನಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಅದರ ಅಡ್ಡಭಾಗ 6 ನಾಟ್‌ನಿಂದ ಸುಮಾರು 4ಕ್ಕೆ ಇಳಿಯುತ್ತದೆ, ಇದು ನಿಜವಾದ ಲಾಭ. ಆದರೆ ಗಾಳಿ ಪೂರ್ತಿ ಅಡ್ಡವಾಗಿದ್ದರೆ 12 ನಾಟ್ 12 ಆಗಿಯೇ ಉಳಿಯುತ್ತದೆ, ಸಿಗುವುದು 2 ನಾಟ್ ಎದುರುಗಾಳಿ ಮಾತ್ರ; ಅಷ್ಟಕ್ಕಾಗಿ ಉಳಿದ ಗ್ಲೈಡರ್‌ಗಳು ನಿಂತಿರುವ ಕಡೆಗೆ ಮೂತಿ ಹಿಡಿದು ಇಳಿಯುವುದು ವಿವೇಕವಲ್ಲ. ಅಡ್ಡಭಾಗವನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಲು ಗಡಿಯಾರದ ಸೂತ್ರವನ್ನು ನೆನಪಿಡಿ. ಕೋನ 15 ಡಿಗ್ರಿಯಾದರೆ ಗಾಳಿಯ ಕಾಲುಭಾಗ, 30 ಆದರೆ ಅರ್ಧ, 45 ಆದರೆ ಮುಕ್ಕಾಲು, 60 ಮತ್ತು ಅದಕ್ಕಿಂತ ಹೆಚ್ಚಾದರೆ ಪೂರ್ತಿ. ಬಂದ ಸಂಖ್ಯೆಯನ್ನು ನಿಮ್ಮ ಗ್ಲೈಡರ್‌ನ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯ ಜೊತೆ ಹಾರುವ ಮೊದಲೇ ಹೋಲಿಸಿ ನೋಡಿ. ಗ್ಲೈಡರ್‌ಗೆ ಎರಡನೇ ಸಲ ಸುತ್ತಿ ಬರುವ ಅವಕಾಶವಿಲ್ಲ.

ಮತ್ತೆ ಪ್ರಶ್ನೆ: ಪೊನ್ನಂಪೇಟೆಯ ಕಲಿಕೆಗಾರ

ಸರ್, ಅಕ್ಕ, ಇಬ್ಬರಿಗೂ, ಕುಶಾಲನಗರದವರಿಗೂ ಧನ್ಯವಾದಗಳು. ಬೇಸ್ ಲೆಗ್ ವಿಷಯ ಓದಿ ನಾನು ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. ಆ ಮೂರೂ ಹಾರಾಟಗಳ ಎದುರು ‘ಫೈನಲ್ ದಾಟಿತು’ ಎಂದು ನಾನೇ ಬರೆದುಕೊಂಡಿದ್ದೇನೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ.

ಇನ್ನೊಂದು ಸಂಶಯ. ಕ್ಯಾನೊಪಿಯ ಹೊರಗೆ ಅಂಟಿಸಿರುವ ಉಲ್ಲನ್ ದಾರ, ಓರೆಯಾಗಿ ಬರುವಾಗ ನಡುವಿನಲ್ಲಿಯೇ ನೇರವಾಗಿ ನಿಂತಿರುತ್ತದೆ. ಗಾಳಿ ಎಡದಿಂದ ಬೀಸುತ್ತಿರುವಾಗ ಅದು ಬಲಕ್ಕೆ ಹಾರಬೇಕಲ್ಲವೇ? ದಾರ ನೇರವಾಗಿದೆ, ಮೂತಿ ಓರೆಯಾಗಿದೆ. ನಾನು ಯಾವುದನ್ನು ನಂಬಬೇಕು ಎಂಬ ಗೊಂದಲವಾಗುತ್ತದೆ.

ಉತ್ತರ: ಮಡಿಕೇರಿಯ ನಿವೃತ್ತ ಬೋಧಕ

ಎರಡನ್ನೂ ನಂಬಿ, ಅವು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿವೆ. ಮತ್ತೆ ದೋಣಿಗೇ ಹೋಗೋಣ. ದೋಣಿಯ ಮುಂತುದಿಗೆ ಒಂದು ದಾರ ಕಟ್ಟಿ ನೀರಿಗೆ ಬಿಟ್ಟರೆ ಅದು ದೋಣಿಯ ಮೈಗುಂಟ ನೇರ ಹಿಂದಕ್ಕೇ ಹೋಗುತ್ತದೆ, ಏಕೆಂದರೆ ದೋಣಿ ನೀರನ್ನು ಸೀಳುತ್ತಿರುವುದು ನೇರವಾಗಿಯೇ. ಓರೆಯಾಗಿ ಕಾಣುವುದು ದಡದ ಲೆಕ್ಕದಲ್ಲಿ ಮಾತ್ರ. ದಾರಕ್ಕೆ ದಡ ಗೊತ್ತಿಲ್ಲ. ಓರೆಯಾಗಿ ಬರುವ ಗ್ಲೈಡರ್‌ನ ರೆಕ್ಕೆಗಳು ಸಮವಾಗಿದ್ದು, ಕಾಲುಗಳು ಸುಮ್ಮನಿದ್ದರೆ ದಾರ ನೇರವಾಗಿರಲೇಬೇಕು. ಫೈನಲ್‌ನಲ್ಲಿ ಅದು ಪಕ್ಕಕ್ಕೆ ವಾಲಿದ್ದರೆ ನೀವು ಅರಿವಿಲ್ಲದೆಯೇ ಪೆಡಲ್ ಒತ್ತಿಕೊಂಡಿದ್ದೀರಿ ಎಂದರ್ಥ. ನಿಮ್ಮ ಕಾಲಿನ ಕಥೆ ಕೇಳಿದರೆ, ಐವತ್ತು ಅಡಿಯಿಂದಲೇ ಅದು ಬಲಕ್ಕೆ ವಾಲಲು ಶುರುವಾಗಿತ್ತೇನೋ. ಕೊನೆಗೆ ಮೂತಿಯನ್ನು ನೇರ ಮಾಡಿದಾಗ ದಾರದ ತುದಿ ಬಲಕ್ಕೆ ಹಾರುತ್ತದೆ, ಆಗ ಅದು ಸರಿ. ಆದರೆ ಆ ಹೊತ್ತಿಗೆ ದಾರ ನೋಡುತ್ತ ಕೂರಬೇಡಿ.

ಉತ್ತರ: ನಾಪೋಕ್ಲಿನ ಮಾದರಿ ವಿಮಾನದವ

ನಾನು ಪೈಲಟ್ ಅಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಎರಡು ಮೀಟರ್ ರೆಕ್ಕೆಯ ರೇಡಿಯೊ ಗ್ಲೈಡರ್ ಹಾರಿಸುತ್ತೇನೆ, ಹಾಗಾಗಿ ಎಲ್ಲವನ್ನೂ ಹೊರಗಿನಿಂದ ನೋಡುತ್ತೇನೆ. ಹೊರಗಿನಿಂದ ಕಾಣುವುದು ಏನೆಂದರೆ, ಒಳಗೆ ಕೂತವರಿಗೆ ಭಯಂಕರವೆನಿಸುವ ಓರೆ, ನಡುಗೆರೆಯ ತುದಿಯಲ್ಲಿ ನಿಂತವನಿಗೆ ಸಾಧಾರಣ ಸಂಗತಿ. ನಿಮ್ಮ ಕೇಂದ್ರದಲ್ಲಿ ಅನುಮತಿ ಪಡೆದು, ರನ್‌ವೇಯ ಆಚೆ ತುದಿಯಿಂದಾಚೆಗೆ ಸುರಕ್ಷಿತ ಜಾಗದಲ್ಲಿ ಗೆಳೆಯನೊಬ್ಬನನ್ನು ನಿಲ್ಲಿಸಿ, ನಿಮ್ಮ ಒಂದೊಂದು ಇಳಿಯುವಿಕೆಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಲು ಹೇಳಿ. ಮೂತಿ ತಿರುಗಿದ ಕ್ಷಣದಿಂದ ಚಕ್ರ ಮುಟ್ಟುವವರೆಗೆ ಎಷ್ಟು ಸೆಕೆಂಡು ಎಂದು ಎಣಿಸಿ. ನಾನು ನನ್ನ ಮಾದರಿಗಳಲ್ಲಿ ಹೀಗೆಯೇ ಕಲಿತದ್ದು. ಎಣಿಕೆ ನಾಲ್ಕೈದು ಬಂದರೆ ಮುಂಚೆ ಒತ್ತಿದ್ದೀರಿ.

ಮತ್ತೆ: ಪೊನ್ನಂಪೇಟೆಯ ಕಲಿಕೆಗಾರ

ಹೋಗಿ ಬಂದೆ. ನಾಲ್ಕು ದಿನಗಳಲ್ಲಿ ಹನ್ನೊಂದು ಹಾರಾಟ, ಅದರಲ್ಲಿ ಆರಕ್ಕೆ ಅಡ್ಡಗಾಳಿ ಸಿಕ್ಕಿತು, 8ರಿಂದ 11 ನಾಟ್‌ವರೆಗೆ. ಬೋಧಕರು ಬಲ ಸರ್ಕ್ಯೂಟ್‌ಗೆ ಒಪ್ಪಿದರು. ಬೇಸ್ ಲೆಗ್ ಅಷ್ಟು ನಿಧಾನವಾಗಿರಬಹುದೆಂದು ನನಗೆ ತಿಳಿದಿರಲಿಲ್ಲ. ಮೊದಲ ಸಲ ಎತ್ತರ ಕಡಿಮೆಯಾಗಿ ಏರ್‌ಬ್ರೇಕ್ ತೆರೆಯದೆಯೇ ಬರಬೇಕಾಯಿತು, ಎರಡನೆಯದರಿಂದ ಹತ್ತಿರ ಹಾರಿ ಸರಿಮಾಡಿಕೊಂಡೆ. ಫೈನಲ್‌ನಲ್ಲಿ ಓರೆ ಒಂದೇ ರೀತಿ ನಿಂತಿತು. ನನ್ನ ಜೊತೆ ಕಲಿಯುವವರೊಬ್ಬರು ಚಿತ್ರೀಕರಿಸಿದರು. ಎಣಿಕೆ ಮೊದಲ ಹಾರಾಟದಲ್ಲಿ ನಾಲ್ಕು, ಕೊನೆಯದರಲ್ಲಿ ಒಂದೂವರೆ. ತಲೆ ಎಲ್ಲಿಯೂ ಬಡಿಯಲಿಲ್ಲ.

ಆದರೆ ಹೊಸ ತಪ್ಪೊಂದು ಶುರುವಾಗಿದೆ. ಚಕ್ರ ಮುಟ್ಟಿದ ಖುಷಿಯಲ್ಲಿ ಕಾಲು ಸಡಿಲಬಿಟ್ಟೆ, ಓಟದ ಕೊನೆಯಲ್ಲಿ ಗ್ಲೈಡರ್ ತಾನಾಗಿಯೇ ಎಡಕ್ಕೆ ತಿರುಗಿ, ಗುರುತಿನ ಬಿಳಿ ಡಬ್ಬಿಯ ಪಕ್ಕದಲ್ಲಿ ನಿಂತಿತು. ಎರಡು ಸಲ ಹೀಗಾಯಿತು.

ಉತ್ತರ: ಮಡಿಕೇರಿಯ ನಿವೃತ್ತ ಬೋಧಕ

ಒಂದೂವರೆ ಸೆಕೆಂಡು ಎಂದರೆ ಚೆನ್ನಾಗಿದೆ. ಎಡಕ್ಕೆ ತಿರುಗಿದ್ದು ಗಾಳಿಕೋಳಿಯ ಕೆಲಸ. ಗ್ಲೈಡರ್‌ನ ಬಾಲದ ನಿಲುರೆಕ್ಕೆ ಚಕ್ರಕ್ಕಿಂತ ಬಹಳ ಹಿಂದೆ ಇರುವುದರಿಂದ, ಗಾಳಿ ಅದನ್ನು ಬಲಕ್ಕೆ ತಳ್ಳಿ ಮೂತಿಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ವೇಗವಿರುವಾಗ ರಡ್ಡರ್ ಅದನ್ನು ತಡೆಯುತ್ತದೆ, ವೇಗ ಇಳಿದಂತೆ ರಡ್ಡರ್‌ಗೆ ಬಲ ಸಾಲದಾಗುತ್ತದೆ. ಹಾಗಾಗಿ ನಿಲ್ಲುವವರೆಗೂ ಬಲ ಪೆಡಲನ್ನು ಹೆಚ್ಚಿಸುತ್ತಲೇ ಹೋಗಬೇಕು, ಕೊನೆಗೆ ಅದು ಪೂರ್ತಿ ಒತ್ತಿಹೋಗಿರುತ್ತದೆ. ಸ್ಟಿಕ್ ಹಿಂದಕ್ಕೆ, ಬಾಲದ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯಲಿ. ಜೊತೆಗೆ ಎಡಕ್ಕೂ, ಗಾಳಿಯ ಕಡೆಯ ರೆಕ್ಕೆ ಏಳದಿರಲಿ. ಚಕ್ರ ಮುಟ್ಟಿದ ಮೇಲೆ ಏರ್‌ಬ್ರೇಕ್ ಪೂರ್ತಿ ತೆರೆದಿರಲಿ.

ನಿಂತ ಮೇಲೆ ಎಡರೆಕ್ಕೆ, ಅಂದರೆ ಗಾಳಿ ಬರುವ ಕಡೆಯದು, ನೆಲಕ್ಕೆ ತಗುಲಿರಬೇಕು. ಯಾರಾದರೂ ಬಂದು ಅದನ್ನು ಹಿಡಿಯುವವರೆಗೆ ಇಳಿಯಬೇಡಿ. ನಿಮ್ಮದು ಪಕ್ಕಕ್ಕೆ ತೆರೆಯುವ ಕ್ಯಾನೊಪಿಯಾದರೆ, ತೆರೆಯುವ ಮೊದಲು ಅದರ ಚೌಕಟ್ಟನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಬಲಕ್ಕೆ ತೆರೆಯುವ ಕ್ಯಾನೊಪಿಗೆ ಎಡದಿಂದ ಬರುವ ಒಂದು ಜೋರು ಗಾಳಿ ಸಾಕು, ಕೀಲಿನ ಸಮೇತ ಕಿತ್ತುಹೋಗುತ್ತದೆ.